ಒಂಬತ್ತು ದಿನ ಸುಮ್ಮನಿದ್ದ ಹುಡುಗಿ

(ಮ್ಯಾನೇಜ್‌ಮೆಂಟ್ ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಒಂದು ಇಮೇಲ್‌ನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಇಂಟರ್‌ನ್ಯಾಷನಲ್ ಬಿಸಿನೆಸ್ ತರಗತಿಯ ಒಂದು ತಂಡದಿಂದ ಬಂದದ್ದು. ಆರು ಜನರ ತಂಡ. ಆರೂ ಜನ ಬೇರೆ ಬೇರೆ ದೇಶದವರು. ಒಬ್ಬರು ಇನ್ನೊಬ್ಬರನ್ನು ಎದುರಾಬದುರು ನೋಡಿದವರಲ್ಲ. ಒಂದು ಕಂಪನಿ ತನ್ನ ಸರಕನ್ನು ಹೊಸ ದೇಶಕ್ಕೆ ಒಯ್ಯಬೇಕಾದರೆ ಯಾವ ದಾರಿ ಹಿಡಿಯಬೇಕು? ರಫ್ತು ಮಾಡಬೇಕಾ, ಅಲ್ಲಿಯ ಕಂಪನಿಗೆ ಅದನ್ನು ತಯಾರಿಸುವ ಲೈಸೆನ್ಸ್ ಕೊಡಬೇಕಾ, ಅಲ್ಲಿಯವರ ಜೊತೆ ಪಾಲುದಾರಿಕೆ ಮಾಡಬೇಕಾ? ಎಂಟು ವಾರದಲ್ಲಿ ಒಂದು ವರದಿ ಕೊಡಬೇಕಿತ್ತು.

ಮೂರನೇ ವಾರ ನಾಲ್ಕು ಜನ ಸೇರಿ ನನಗೆ ಬರೆದರು. ಚೀನಾದ ಸದಸ್ಯೆ ಒಂಬತ್ತು ದಿನದಿಂದ ಪತ್ತೆ ಇಲ್ಲ, ಫೈಲ್‌ನಲ್ಲಿ ಒಂದಕ್ಷರ ಬರೆದಿಲ್ಲ, ಅವಳನ್ನು ತಂಡದಿಂದ ತೆಗೆಯಿರಿ ಅಂತ. ಜೊತೆಗೆ ಸ್ಕ್ರೀನ್‌ಶಾಟ್‌ಗಳು, ತಾರೀಖಿನ ಸಮೇತ. ವರದಿಗೆ ಇಷ್ಟು ಅಚ್ಚುಕಟ್ಟಾಗಿ ದಾಖಲೆ ಕೂಡಿಸಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಹಿಂದಿನ ವರ್ಷವಾಗಿದ್ದರೆ ನಾನು ತೆಗೆದೇಬಿಡುತ್ತಿದ್ದೆ. ಇಬ್ಬರನ್ನು ಹಾಗೆ ತೆಗೆದೂ ಇದ್ದೆ. ಈ ಸಲ ಯಾಕೋ ಕೈ ಬರಲಿಲ್ಲ. ನಾಲ್ವರಿಗೂ ಬೇರೆ ಬೇರೆಯಾಗಿ ಒಂದು ಕೆಲಸ ಕೊಟ್ಟೆ. ‘ಅವಳು ಸುಮ್ಮನಿರುವುದಕ್ಕೆ ಮೂರು ಕಾರಣ ಬರೆಯಿರಿ. ಅವಳದೇ ತಪ್ಪು ಅನ್ನುವ ಕಾರಣ ಒಂದಕ್ಕಿಂತ ಜಾಸ್ತಿ ಇರಬಾರದು.’

ನಾಲ್ವರೂ ಮೊದಲ ಕಾರಣ ಒಂದೇ ಬರೆದರು: ಸೋಮಾರಿತನ. ಎರಡನೆಯದು ಹುಷಾರಿಲ್ಲದಿರಬಹುದು. ಮೂರನೆಯದಕ್ಕೆ ಮೂವರು ತಿಣುಕಾಡಿ ಏನೋ ಬರೆದಿದ್ದರು. ಒಬ್ಬಳು ಮಾತ್ರ ಒಂದು ಪ್ರಶ್ನೆ ಬರೆದಿದ್ದಳು. ‘ನಮ್ಮ ಫೈಲ್ ಅವಳ ಊರಲ್ಲಿ ತೆರೆಯುತ್ತಾ? ನಾವು ಯಾರೂ ಕೇಳೇ ಇಲ್ಲ.’

ತೆರೆಯುತ್ತಿರಲಿಲ್ಲ. ಉಳಿದವರು ದಿನಾ ಬಳಸುವ ಆ ಆನ್‌ಲೈನ್ ಸೇವೆ ಚೀನಾದ ಒಳಗಿನಿಂದ ಸಿಗುವುದಿಲ್ಲ. ಅವಳು ಎರಡು ದಿನ ಒದ್ದಾಡಿದ್ದಳು. ಆಮೇಲೆ ತನ್ನ ಪಾಲಿನ ಹನ್ನೊಂದು ಪುಟ ಬರೆದು ತಂಡದ ಲೀಡರ್‌ಗೆ ಇಮೇಲ್ ಮಾಡಿದ್ದಳು. ಹೌದು, ಲೀಡರ್. ನನಗೆ ಪತ್ರ ಬರೆದವರು ನಾಲ್ಕೇ ಜನ ಅಂದೆನಲ್ಲ? ಆರನೆಯವನು ಅವನು. ಹನ್ನೊಂದು ಪುಟ ಅವನ ಇನ್‌ಬಾಕ್ಸ್‌ನಲ್ಲಿ ತಣ್ಣಗೆ ಕೂತಿದ್ದವು.

ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ಕಥೆಯ ಒಳಗೇ ಇದೆ. ಬೇರೆ ದೇಶದ ಹುಡುಗರ ಜೊತೆ ಆನ್‌ಲೈನ್‌ನಲ್ಲಿ ಕೆಲಸ ಮಾಡಿಸಿದರೆ ಮಕ್ಕಳು ತಾವಾಗಿಯೇ ‘ಜಾಗತಿಕ’ರಾಗುತ್ತಾರೆ ಅಂತ ಒಂದು ನಂಬಿಕೆ ಇದೆ. ಆಗುವುದಿಲ್ಲ. ಸುಮ್ನೆ ಬಿಟ್ಟರೆ ಅವರು ಕಲಿಯುವುದು ಒಂದೇ: ‘ಆ ದೇಶದವರು ಹೀಗೇ.’ ತರಗತಿಗೆ ಬರುವಾಗ ಇಲ್ಲದ ಪೂರ್ವಗ್ರಹವನ್ನು ಹೊತ್ತುಕೊಂಡು ಹೋಗುತ್ತಾರೆ, ಅದೂ ಸ್ವಂತ ಅನುಭವದ ಮೊಹರಿನ ಜೊತೆ.

ಈ ಪಾಠಕ್ರಮ ಹೊಸದೇನಲ್ಲ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲೇ ಇದಕ್ಕೊಂದು ಕೇಂದ್ರ ತೆರೆಯಿತು. ‘ಕಾಯಿಲ್’ ಅನ್ನುವ ಹೆಸರು ನೀವು ಕೇಳಿರುತ್ತೀರಿ. ಎರಡು ದೇಶದ ಇಬ್ಬರು ಮೇಷ್ಟ್ರು ಒಂದು ಪಾಠವನ್ನು ಜೊತೆಯಾಗಿ ಮಾಡುವ ಕ್ರಮ ಅದು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಎಕ್ಸ್-ಕಲ್ಚರ್. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಕಲಿಸುವ ವಾಸ್ ತಾರಸ್ 2010ರಲ್ಲಿ ಶುರು ಮಾಡಿದ್ದು. ಹಲವು ದೇಶದ ವಿದ್ಯಾರ್ಥಿಗಳನ್ನು ಒಂದೊಂದು ತಂಡಕ್ಕೆ ಹಾಕಿ, ನಿಜವಾದ ಕಂಪನಿಗಳ ಸಮಸ್ಯೆ ಕೊಟ್ಟು ಪರಿಹಾರ ಕೇಳುತ್ತಾರೆ. ಇದರ ಪೂರ್ತಿ ಚರಿತ್ರೆ ಹೇಳಲು ಕೂತರೆ ಊಟದ ಹೊತ್ತಾಗುತ್ತದೆ, ಬಿಡೋಣ.

ನನ್ನ ಕಣ್ಣು ತೆರೆಸಿದ್ದು 2001ರಲ್ಲಿ ಬಂದ ಒಂದು ಅಧ್ಯಯನ. ಕ್ಯಾಥರೀನ್ ಕ್ರಾಮ್ಟನ್ ಅನ್ನುವ ಸಂಶೋಧಕಿ ದೂರ ದೂರದ ವಿದ್ಯಾರ್ಥಿಗಳ 13 ತಂಡಗಳ ಇಮೇಲ್, ಚಾಟ್‌ಗಳನ್ನು ಕೂತು ಓದಿದರು. ತಂಡಗಳು ಮುರಿದದ್ದು ಯಾಕೆ ಅಂತ ಹುಡುಕಿದರು. ಅವರಿಗೆ ಕಂಡದ್ದು ತುಂಬಾ ಸಾದಾ ಸಂಗತಿ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೂ ಗೊತ್ತಿದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಆದರೆ ಗೊತ್ತಿರುವುದಿಲ್ಲ. ಒಬ್ಬನ ಊರಲ್ಲಿ ಪರೀಕ್ಷೆ ನಡೆಯುತ್ತಿರುತ್ತದೆ, ಅವನು ಹೇಳಿರುವುದಿಲ್ಲ. ಒಂದು ಇಮೇಲ್ ಐವರಿಗೆ ಹೋಗುತ್ತದೆ, ಆರನೆಯವರ ವಿಳಾಸ ಬಿಟ್ಟುಹೋಗಿರುತ್ತದೆ. ಇದೆಲ್ಲದರ ಜೊತೆ ಮೌನ. ಉತ್ತರ ಬರಲಿಲ್ಲ ಅಂದರೆ ಒಪ್ಪಿದರು ಅಂತಲೋ, ಒಪ್ಪಲಿಲ್ಲ ಅಂತಲೋ, ನೋಡೇ ಇಲ್ಲ ಅಂತಲೋ?

ನಾವು ‘ಮೌನಂ ಸಮ್ಮತಿ ಲಕ್ಷಣಂ’ ಅಂತ ಬೆಳೆದವರು. ಎದುರಿಗೆ ಕೂತವರ ಮಟ್ಟಿಗೆ ಆ ಮಾತು ನಡೆಯುತ್ತದೆ. ಅವರ ಮುಖ ಕಾಣುತ್ತಲ್ಲ, ಹುಬ್ಬು ಗಂಟಿಕ್ಕಿದ್ದು ಕಾಣುತ್ತಲ್ಲ. ಪರದೆಯ ಆಚೆಯ ಮೌನಕ್ಕೆ ಮುಖವೇ ಇಲ್ಲ. ಅಲ್ಲಿ ನಾವು ನಮ್ಮ ಮನಸ್ಸಿನಲ್ಲಿರುವುದನ್ನೇ ತುಂಬಿಕೊಳ್ಳುತ್ತೇವೆ.

ಪಕ್ಕದ ಬೆಂಚಿನವನು ಒಂದು ದಿನ ಕೆಲಸ ಮಾಡದಿದ್ದರೆ ಅವನಿಗೆ ಜ್ವರ ಅಂತ ನಮಗೆ ಕಾಣುತ್ತದೆ. ದೂರದವನ ಜ್ವರ ಕಾಣುವುದಿಲ್ಲ. ಕಾಣುವುದು ಖಾಲಿ ಪುಟ ಒಂದೇ. ಹಾಗಾಗಿ ಪರಿಸ್ಥಿತಿಯ ತಪ್ಪು ಆಳಿನ ತಪ್ಪಾಗುತ್ತದೆ. ಆ ಆಳು ಬೇರೆ ದೇಶದವನಾದರೆ ಒಂದೇ ನೆಗೆತಕ್ಕೆ ಇಡೀ ದೇಶದ ತಪ್ಪಾಗುತ್ತದೆ. ನಮ್ಮ ಕೆಲಸ ಇರುವುದು ಈ ಎರಡು ನೆಗೆತಗಳ ನಡುವೆ. ತೀರ್ಪನ್ನು ಸ್ವಲ್ಪ ತಡ ಮಾಡಿಸುವುದು, ಅಷ್ಟೇ. ವರದಿ ತಿದ್ದುವುದು ಆಮೇಲಿನ ಮಾತು.

ಇನ್ನೊಂದು ತಂಡದ ಜಗಳ ಹೇಳುತ್ತೇನೆ. ಇದು ನಮ್ಮ ವಿಷಯದ ಹೊಟ್ಟೆಯೊಳಗಿನದೇ.

ಅಮೆರಿಕದ ಹುಡುಗ, ಬ್ರೆಜಿಲ್‌ನ ಹುಡುಗ. ಇಬ್ಬರಿಗೂ ಖರ್ಚಿನ ಪಟ್ಟಿಯ ಕೆಲಸ. ಇಬ್ಬರೂ ಸರಕನ್ನು ಎಫ್‌ಒಬಿ (‘ಫ್ರೀ ಆನ್ ಬೋರ್ಡ್’) ಲೆಕ್ಕದಲ್ಲಿ ಮಾರುವುದು ಅಂತ ಒಪ್ಪಿಕೊಂಡರು. ಸರಕಿನ ಹೊಣೆ ಎಲ್ಲಿಯವರೆಗೆ ಯಾರದು ಅಂತ ಹೇಳುವ ಪದ ಅದು. ಒಂದು ವಾರ ಆದಮೇಲೆ ಎರಡು ಪಟ್ಟಿ ಬಂದವು, ತಾಳೆಯೇ ಆಗಲಿಲ್ಲ. ಒಬ್ಬನ ಪಟ್ಟಿಯಲ್ಲಿ ಸಾಗಣೆಯೂ ವಿಮೆಯೂ ಮಾರುವವನ ತಲೆ ಮೇಲೆ. ಇನ್ನೊಬ್ಬನದರಲ್ಲಿ ಕೊಳ್ಳುವವನ ತಲೆ ಮೇಲೆ. ಹತ್ತು ದಿನ ಜಗಳ. ‘ನಿನ್ನ ಲೆಕ್ಕ ತಪ್ಪು’, ‘ನೀನು ಪುಸ್ತಕ ಓದು’. ಕೊನೆಗೆ ನನ್ನ ಹತ್ತಿರ ಬಂತು.

ಇಬ್ಬರೂ ಸರಿಯಾಗೇ ಇದ್ದರು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಿಂದ ಹೊರಡಿಸುತ್ತಿರುವ ಇನ್‌ಕೋಟರ್ಮ್ಸ್, ಅಂದರೆ ಇಂಥ ವ್ಯಾಪಾರದ ಪದಗಳಿಗೆ ಅರ್ಥ ಗೊತ್ತುಮಾಡುವ ನಿಯಮಗಳು, ನಿಮಗೆ ಗೊತ್ತು. ಈಗ ನಡೆಯುತ್ತಿರುವ 2020ರ ಆವೃತ್ತಿಯಲ್ಲಿ 11 ಪದಗಳಿವೆ. ಅದರ ಪ್ರಕಾರ ಎಫ್‌ಒಬಿ ಹಡಗಿನ ಮಾತು. ಹೊರಡುವ ಬಂದರಿನಲ್ಲಿ ಸರಕು ಹಡಗು ಏರಿತು ಅಂದರೆ ಮಾರುವವನ ಹೊಣೆ ಮುಗಿಯಿತು. ಅಮೆರಿಕದ ಒಳವ್ಯಾಪಾರದಲ್ಲಿ ಅದೇ ಮೂರಕ್ಷರಕ್ಕೆ ಬೇರೆ ಬಳಕೆ ಇದೆ. ಅಲ್ಲಿ ಲಾರಿಗೂ ಎಫ್‌ಒಬಿ ಅನ್ನುತ್ತಾರೆ. ‘ಎಫ್‌ಒಬಿ ಡೆಸ್ಟಿನೇಷನ್’ ಅಂದರೆ ಕೊಳ್ಳುವವನ ಜಾಗ ಮುಟ್ಟುವವರೆಗೂ ಮಾರುವವನದೇ ಹೊಣೆ. ಅಮೆರಿಕದ ಹುಡುಗ ರಜೆಯಲ್ಲಿ ಗೋದಾಮೊಂದರಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ ಕಲಿತ ಅರ್ಥವನ್ನೇ ಹಿಡಿದಿದ್ದ. ಬ್ರೆಜಿಲ್‌ನವನು ಪುಸ್ತಕದ ಅರ್ಥ ಹಿಡಿದಿದ್ದ.

ಇದೇ ಎಫ್‌ಒಬಿಯನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಕಲಿಸಿದ್ದೇನೆ. ಪರೀಕ್ಷೆ ಮುಗಿದ ಮಾರನೇ ದಿನ ಯಾರಿಗೂ ನೆನಪಿರುತ್ತಿರಲಿಲ್ಲ. ಹತ್ತು ದಿನ ಜಗಳವಾಡಿದ ಈ ಇಬ್ಬರು ಜನ್ಮದಲ್ಲಿ ಮರೆಯುವುದಿಲ್ಲ. ಒಪ್ಪಂದದಲ್ಲಿ ಎಫ್‌ಒಬಿ ಅಂತ ಬರೆದು ಸುಮ್ಮನಾಗಬಾರದು, ಯಾವ ಬಂದರು, ಯಾವ ವರ್ಷದ ಇನ್‌ಕೋಟರ್ಮ್ಸ್ ಅಂತಲೂ ಬರೆಯಬೇಕು ಅನ್ನುವುದು ಅವರಿಗೆ ಈಗ ಮೈಯಲ್ಲಿ ಇಳಿದಿದೆ.

ಗಮನಿಸಿ, ಇಲ್ಲಿ ‘ಸಂಸ್ಕೃತಿ’ ಅಂತ ನಾವು ದೊಡ್ಡದಾಗಿ ಹೇಳುವುದು ಎಲ್ಲೂ ಇಲ್ಲ. ಒಂದೇ ಪದ, ಎರಡು ಅರ್ಥ. ನನಗಂತೂ ಎಂಟು ವಾರದ ಜಗಳಗಳಲ್ಲಿ ಜಾಸ್ತಿ ಪಾಲು ಇಂಥವೇ ಕಂಡಿವೆ. 03/04 ಅಂದರೆ ಏಪ್ರಿಲ್ 3 ಅಂತ ಕೆಲವರು, ಮಾರ್ಚ್ 4 ಅಂತ ಅಮೆರಿಕದವರು. 1.500 ಅಂತ ಜರ್ಮನಿಯವನು ಬರೆದರೆ ಒಂದೂವರೆ ಸಾವಿರ, ಬೇರೆಯವರು ಓದಿದರೆ ಬರೀ ಒಂದೂವರೆ. ‘ಶುಕ್ರವಾರ ರಾತ್ರಿಯೊಳಗೆ’ ಅಂದರೆ ಯಾರ ಶುಕ್ರವಾರ? ಮಾರ್ಚ್ ತಿಂಗಳು ನನಗೆ ತಲೆನೋವಿನ ತಿಂಗಳು. ಅಮೆರಿಕದಲ್ಲಿ ಆ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಯಾರೋ ಒಬ್ಬರು ಮೀಟಿಂಗ್‌ಗೆ ಒಂದು ಗಂಟೆ ಮೊದಲೋ ಆಮೇಲೋ ಬರುತ್ತಾರೆ. ‘ದಕ್ಷಿಣ ಯುರೋಪಿನವರಿಗೆ ಸಮಯಪ್ರಜ್ಞೆ ಕಡಿಮೆ’ ಅಂತ ಒಬ್ಬ ವಿದ್ಯಾರ್ಥಿ ನನ್ನ ಮುಂದೆ ಗಂಭೀರವಾಗಿ ಹೇಳಿದ. ತಪ್ಪು ಗಡಿಯಾರದ್ದು!

ಹಾಗಂತ ಸಂಸ್ಕೃತಿಯ ವ್ಯತ್ಯಾಸವೇ ಇಲ್ಲ ಅಂತಲ್ಲ. ಮಾತಿನ ಜಾಸ್ತಿ ಭಾಗವನ್ನು ಸಂದರ್ಭಕ್ಕೆ ಬಿಡುವ ಸಮಾಜಗಳಿವೆ, ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಸಮಾಜಗಳಿವೆ ಅಂತ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಬರೆದದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ‘ಒಳ್ಳೆ ಐಡಿಯಾ, ಇನ್ನಷ್ಟು ಯೋಚಿಸೋಣ’ ಅಂದರೆ ಒಬ್ಬರ ಕಿವಿಗೆ ಅದು ಹೌದು, ಇನ್ನೊಬ್ಬರ ಕಿವಿಗೆ ಬೇಡ. ಆದರೆ ಈ ಸಿದ್ಧಾಂತಗಳನ್ನು ಯಾವಾಗ ಕಲಿಸಬೇಕು ಅನ್ನುವುದರಲ್ಲಿ ನಾನು ಎಡವಿದ್ದೇನೆ.

ಮೊದಲ ವರ್ಷ ನಾನು ಬಹಳ ಉತ್ಸಾಹದಲ್ಲಿದ್ದೆ. ತಂಡಗಳು ಸೇರುವ ಮೊದಲೇ ಡಚ್ ಸಂಶೋಧಕ ಹಾಫ್‌ಸ್ಟೀಡ್ ಅವರು ದೇಶದೇಶಗಳ ಸಂಸ್ಕೃತಿಗೆ ಕೊಟ್ಟ ಅಂಕಗಳನ್ನು ಪಾಠ ಮಾಡಿದೆ. ಯಾವ ದೇಶದವರು ಮೇಲಿನವರು ಕೆಳಗಿನವರು ಅನ್ನುವ ಅಧಿಕಾರದ ಅಂತರವನ್ನು ಎಷ್ಟು ಒಪ್ಪುತ್ತಾರೆ, ಗುಂಪಿಗಿಂತ ವ್ಯಕ್ತಿ ಮುಖ್ಯ ಅನ್ನುವ ವ್ಯಕ್ತಿವಾದ ಎಷ್ಟು ಅಂತ. ಮಕ್ಕಳು ಅದನ್ನು ಜಾತಕದ ಹಾಗೆ ಬಳಸಿದರು. ಜಪಾನಿನ ಸದಸ್ಯ ಬಾಯಿ ತೆರೆಯುವ ಮೊದಲೇ ‘ಇವನು ಗುಂಪಿನ ಮಾತು ಮೀರುವುದಿಲ್ಲ’ ಅಂತ ಬರೆದಿಟ್ಟುಕೊಂಡರು. ಪಾಪ, ಅವನೇ ಆ ತಂಡದ ಮಹಾ ಜಗಳಗಂಟ.

ಆ ಅಂಕಗಳು ಎಲ್ಲಿಂದ ಬಂದವು ಅಂತ ನೆನಪಿಸಿಕೊಳ್ಳಿ. 1967ರಿಂದ 1973ರವರೆಗೆ ಐಬಿಎಂ ನೌಕರರು ತುಂಬಿದ ಒಂದು ಲಕ್ಷಕ್ಕೂ ಜಾಸ್ತಿ ಪ್ರಶ್ನಾವಳಿಗಳಿಂದ. ಅವು ದೇಶದ ಸರಾಸರಿ, ಆಳಿನ ಅಳತೆ ಅಲ್ಲ. ಒಬ್ಬ ವ್ಯಕ್ತಿಗೆ ಅವನ್ನು ಹಚ್ಚಬೇಡಿ ಅಂತ ಹಾಫ್‌ಸ್ಟೀಡ್ ಅವರೇ ಹೇಳಿದ್ದರು. ಆ ಎಚ್ಚರಿಕೆ ಪರೀಕ್ಷೆಗೆ ಬರುವುದಿಲ್ಲ, ಹಾಗಾಗಿ ಯಾರೂ ಓದುವುದಿಲ್ಲ. ಈಗ ನಾನು ಈ ಪಾಠವನ್ನು ನಾಲ್ಕನೇ ವಾರಕ್ಕೆ ತಳ್ಳಿದ್ದೇನೆ, ಮೊದಲ ಜಗಳ ಆದಮೇಲೆ. ಆಗ ಸಿದ್ಧಾಂತ ಹಣೆಗೆ ಅಂಟಿಸುವ ಚೀಟಿ ಆಗುವುದಿಲ್ಲ, ಆದ ಜಗಳವನ್ನು ಬಿಡಿಸಿ ನೋಡಲು ಒಂದು ಕನ್ನಡಕ ಆಗುತ್ತದೆ.

ಈಗ ಎಲ್ಲ ಮೇಷ್ಟ್ರುಗಳೂ ಕೇಳುವ ಪ್ರಶ್ನೆ: ಕೆಲಸಗಳ್ಳರನ್ನು ಏನು ಮಾಡೋದು?

ಹತ್ತು ಜನರ ಕಡ್ಡಿ ಒಬ್ಬನ ಹೊರೆ ಅನ್ನುತ್ತಾರಲ್ಲ, ತಂಡದಲ್ಲಿ ಎಷ್ಟೋ ಸಲ ಆ ಹೊರೆಯನ್ನು ನಿಜವಾಗಿಯೂ ಒಬ್ಬನೇ ಹೊರುತ್ತಾನೆ. ಮ್ಯಾಕ್ಸ್ ರಿಂಗೆಲ್‌ಮನ್ ಅನ್ನುವ ಫ್ರೆಂಚ್ ಕೃಷಿ ಎಂಜಿನಿಯರ್ ಜನರ ಕೈಲಿ ಹಗ್ಗ ಎಳೆಸಿ ಅಳೆದು 1913ರಲ್ಲಿ ಫಲಿತಾಂಶ ಪ್ರಕಟಿಸಿದ. ಕೈಗಳು ಹೆಚ್ಚಿದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆ. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲು ಒಂಟಿಯಾಗಿ ಎಳೆದದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು. ಇದನ್ನು ಮೈಗಳ್ಳತನದ ಪುರಾವೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ರಿಂಗೆಲ್‌ಮನ್ ಸ್ವತಃ ದೊಡ್ಡ ಕಾರಣ ಅಂತ ನೋಡಿದ್ದು ಬೇರೆಯದನ್ನು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುತ್ತಿರಲಿಲ್ಲ. ತಾಳ ತಪ್ಪಿತ್ತು. ಗುಂಪಿನಲ್ಲಿ ಜನ ನಿಜಕ್ಕೂ ಕೈ ಸಡಿಲ ಬಿಡುತ್ತಾರೆ ಅಂತ ಖಚಿತವಾದದ್ದು ಎಪ್ಪತ್ತರ ದಶಕದ ಪ್ರಯೋಗಗಳಲ್ಲಿ. ಅಂದರೆ ನಷ್ಟ ಎರಡು ಬಗೆಯದು, ಮೈಗಳ್ಳತನದ್ದು ಮತ್ತು ತಾಳ ತಪ್ಪಿದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಹನ್ನೊಂದು ಪುಟದ ಹುಡುಗಿಯದು ತಾಳ ತಪ್ಪಿದ ಕೇಸು.

ಮೈಗಳ್ಳತನಕ್ಕೆ ಮದ್ದಿದೆ. ಎಕ್ಸ್-ಕಲ್ಚರ್‌ನಲ್ಲಿ ಸದಸ್ಯರು ಪ್ರತಿ ವಾರ ಒಬ್ಬರಿಗೊಬ್ಬರು ಅಂಕ ಕೊಡುತ್ತಾರೆ. ಕೊನೆಯಲ್ಲಿ ಒಂದೇ ಸಲ ಕೊಟ್ಟರೆ ಅದು ಸೇಡು ತೀರಿಸಿಕೊಳ್ಳುವ ದಿನ ಆಗಿಬಿಡುತ್ತದೆ. ವಾರವಾರ ಕೊಟ್ಟರೆ ಎಚ್ಚರಿಕೆ ಆಗುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ನಾನು ಅದಕ್ಕೆ ಒಂದು ಸಾಲು ಸೇರಿಸಿದ್ದೇನೆ: ಕಡಿಮೆ ಅಂಕ ಕೊಟ್ಟರೆ ಅವರನ್ನು ನೇರವಾಗಿ ಏನು ಕೇಳಿದಿರಿ, ಅವರು ಏನು ಹೇಳಿದರು ಅಂತ ಬರೆಯಬೇಕು. ಕೇಳದೆ ಕೊಟ್ಟ ಕಡಿಮೆ ಅಂಕವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಾಳ ತಪ್ಪುವುದಕ್ಕೆ ಮದ್ದು ಮೊದಲ ವಾರದಲ್ಲಿದೆ. ಮೊದಲ ವಾರ ವರದಿಯ ಕೆಲಸ ಬೇಡ ಅಂತೀನಿ. ಬರೀ ಒಂದು ಪುಟ ತುಂಬಬೇಕು. ನಿಮ್ಮಲ್ಲಿ ಯಾವ ಆ್ಯಪ್ ತೆರೆಯುತ್ತೆ, ಯಾವುದು ತೆರೆಯಲ್ಲ. ಪರೀಕ್ಷೆ ಯಾವಾಗ, ರಜೆ ಯಾವಾಗ. ಒಂದು ಮೆಸೇಜ್ ಬಂದರೆ ಎಷ್ಟು ಹೊತ್ತಲ್ಲಿ ಉತ್ತರ ಕೊಡೋದು ನಿಮಗೆ ಮಾಮೂಲಿ. ಈ ಕೆಲಸಕ್ಕೆ ನಿಮ್ಮ ಕಾಲೇಜಿನಲ್ಲಿ ಎಷ್ಟು ಅಂಕ. ಈ ಕೊನೆಯದನ್ನು ಕೇಳಿದರೆ ಮಕ್ಕಳು ನಗುತ್ತಾರೆ. ಆದರೆ ಒಬ್ಬನಿಗೆ ಇದು 40 ಅಂಕದ ಕೆಲಸ, ಇನ್ನೊಬ್ಬಳಿಗೆ 5 ಅಂಕದ್ದು ಅಂದರೆ ಇಬ್ಬರೂ ಒಂದೇ ಥರ ಬೆವರು ಸುರಿಸುತ್ತಾರಾ? ಇದು ಮಕ್ಕಳ ತಪ್ಪಲ್ಲ, ನಮ್ಮದು. ತಂಡಕ್ಕಿಂತ ಮೊದಲು ಮೇಷ್ಟ್ರುಗಳು ಕೂತು ಅಂಕ, ಕ್ಯಾಲೆಂಡರ್ ಮಾತಾಡಿಕೊಳ್ಳಬೇಕು. ಜಪಾನಿನಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಶುರು, ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಕೊನೆಯ ಹೊತ್ತಿಗೆ, ಅಮೆರಿಕದಲ್ಲಿ ಆಗಸ್ಟ್ ಸೆಪ್ಟೆಂಬರ್‌ನಲ್ಲಿ. ಎಲ್ಲರೂ ಒಟ್ಟಿಗೆ ತರಗತಿಯಲ್ಲಿರುವ ವಾರಗಳು ಬಹಳ ಇಲ್ಲ. ನಾನು ಎಂಟು ವಾರಕ್ಕೆ ಬಂದು ನಿಂತದ್ದು ಹಾಗೆ, ಯಾವ ಶಿಕ್ಷಣ ಸಿದ್ಧಾಂತದಿಂದಲೂ ಅಲ್ಲ.

ಕೆಲಸವನ್ನು ಹೇಗೆ ಹೆಣೆಯುತ್ತೇವೆ ಅನ್ನುವುದೂ ಮುಖ್ಯ. ಆರು ಅಧ್ಯಾಯದ ವರದಿ ಕೇಳಿದರೆ ಆರು ಜನ ಒಂದೊಂದು ಅಧ್ಯಾಯ ಹಂಚಿಕೊಂಡು, ಕೊನೆಯ ರಾತ್ರಿ ಹೊಲಿದು ಕೊಡುತ್ತಾರೆ. ಓದುವಾಗ ಹೊಲಿಗೆ ಎದ್ದು ಕಾಣುತ್ತದೆ. ಎರಡನೇ ಅಧ್ಯಾಯದಲ್ಲಿ ಲೈಸೆನ್ಸ್ ಕೊಡಿ ಅಂತ, ಐದನೇದರಲ್ಲಿ ಕಾರ್ಖಾನೆ ಕಟ್ಟಿ ಅಂತ! ಹಾಗಾಗಿ ಈಗ ಹಂಚಲು ಆಗದ ಪ್ರಶ್ನೆ ಕೊಡುತ್ತೇನೆ. ನಿಮ್ಮ ಆರು ದೇಶಗಳಲ್ಲಿ ಈ ಸರಕನ್ನು ಮೊದಲು ಎಲ್ಲಿಗೆ ಒಯ್ಯಬೇಕು, ಒಂದನ್ನೇ ಆರಿಸಿ. ಪ್ರತಿಯೊಬ್ಬರೂ ತಮ್ಮ ದೇಶದ ಲೇಬಲ್ ನಿಯಮ, ಆಮದು ಸುಂಕ ಹುಡುಕಿ ತಂದು, ಉಳಿದ ಐವರ ಮುಂದೆ ವಾದ ಮಾಡಲೇಬೇಕು.

ಇಷ್ಟೆಲ್ಲ ಕಷ್ಟಪಟ್ಟು ಫಲ ಏನು? ಬೇರೆ ಬೇರೆ ಸಂಸ್ಕೃತಿಯವರ ತಂಡಗಳ ಮೇಲೆ ನಡೆದ 108 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ಲೇಖನ 2010ರಲ್ಲಿ ಬಂತು. ಹತ್ತು ಸಾವಿರಕ್ಕೂ ಜಾಸ್ತಿ ತಂಡಗಳ ಲೆಕ್ಕ. ಇಂಥ ತಂಡಗಳಲ್ಲಿ ಜಗಳ ಜಾಸ್ತಿ, ಒಗ್ಗಟ್ಟು ಕಡಿಮೆ. ಹೊಸ ಆಲೋಚನೆ ಮಾತ್ರ ಜಾಸ್ತಿ. ಎರಡೂ ಒಟ್ಟಿಗೇ ಬರುತ್ತವೆ. ಜಗಳ ಬೇಡ, ಹೊಸತನ ಮಾತ್ರ ಕೊಡಿ ಅಂದರೆ ಸಿಗುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಚೆನ್ನಾಗಿ ಬರುವವನೇ ಬುದ್ಧಿವಂತ ಅಂತ ಮೊದಲ ವಿಡಿಯೋ ಕಾಲ್‌ನಲ್ಲೇ ತೀರ್ಮಾನ ಆಗಿಬಿಡುತ್ತದೆ. ಆ ಮಾತಿನಮಲ್ಲನೇ ಲೀಡರ್ ಆಗುತ್ತಾನೆ. ಅದಕ್ಕೆ ನಾನು ಹೇಳುವುದು, ಮಾತಿಗೆ ಮೊದಲು ಬರೆಯಿಸಿ. ಪ್ರತಿಯೊಬ್ಬರೂ ತಮ್ಮ ಆಲೋಚನೆಯನ್ನು ಹತ್ತು ಸಾಲಲ್ಲಿ ಬರೆದು ಹಾಕಿದ ಮೇಲೆಯೇ ಮೀಟಿಂಗ್. ಈಗ ಎಐ ಬಂದಿದೆ, ಎಲ್ಲರ ಇಂಗ್ಲಿಷೂ ನುಣುಪಾಗಿದೆ. ಒಳ್ಳೆಯದೇ. ಆದರೆ ಎಲ್ಲರ ಮೆಸೇಜೂ ಒಬ್ಬನೇ ಬರೆದ ಹಾಗಿದೆ. ಸಿಟ್ಟಾಗಿದ್ದಾನಾ, ಹಿಂಜರಿಯುತ್ತಿದ್ದಾನಾ, ಏನೂ ತಿಳಿಯಲ್ಲ. ಮೌನಕ್ಕೆ ಮುಖ ಇರಲಿಲ್ಲ, ಈಗ ಮಾತಿಗೂ ಇಲ್ಲ. ವರದಿಗೆ ಎಐ ಬಳಸಲಿ, ತಂಡದೊಳಗಿನ ಮಾತುಕತೆಗೆ ಬೇಡ ಅಂತ ಹೇಳುತ್ತೇನೆ. ಕೇಳುತ್ತಾರಾ? ಅರ್ಧ ಜನ ಕೇಳುತ್ತಾರೆ.

ಕೊನೆಯಲ್ಲಿ ಬಂದ ಪ್ರಶ್ನೆಗಳು. ಒಬ್ಬರು ಕೇಳಿದರು: ‘ಆರು ದೇಶ ಎಲ್ಲಿಂದ ತರೋದು? ನನಗೆ ಗೊತ್ತಿರುವುದು ಹೊರದೇಶದ ಒಬ್ಬರೇ ಪ್ರೊಫೆಸರ್.’ ಒಬ್ಬರು ಸಾಕು. ಎರಡು ತರಗತಿ, ಮೂರು ವಾರ, ಒಂದು ಸಣ್ಣ ಸಂಧಾನ. ನೀವು ಮಾರುವವರು, ಅವರು ಕೊಳ್ಳುವವರು. ನಾನೂ ಹಾಗೇ ಶುರು ಮಾಡಿದ್ದು.

ಇನ್ನೊಬ್ಬರು ಹಿಂದಿನ ಸಾಲಿನಿಂದ ಕೇಳಿದರು: ‘ಆ ಲೀಡರ್ ಕಥೆ ಏನಾಯ್ತು ಸಾರ್? ಅವನಿಗೆ ಶಿಕ್ಷೆ ಇಲ್ವಾ?’

ಅವನಿಗೂ ಅದೇ ಕೆಲಸ ಕೊಟ್ಟೆ. ಹನ್ನೊಂದು ಪುಟ ಬಂದಿದ್ದನ್ನು ತಂಡಕ್ಕೆ ಯಾಕೆ ಹೇಳಲಿಲ್ಲ, ಮೂರು ಕಾರಣ ಬರೆ ಅಂತ. ಕಂಪ್ಯೂಟರ್ ಕೆಟ್ಟಿತ್ತು, ಊರಲ್ಲಿರಲಿಲ್ಲ, ಹೀಗೇನಾದರೂ ಬರೆಯುತ್ತಾನೆ ಅಂದುಕೊಂಡಿದ್ದೆ. ಎರಡು ಸಾಲು ಖಾಲಿ ಬಿಟ್ಟಿದ್ದ. ಒಂದರಲ್ಲಿ ಮಾತ್ರ ಬರೆದಿದ್ದ: ‘ಮರೆತೆ. ಆಮೇಲೆ ನೆನಪಾಯಿತು. ಅಷ್ಟು ಹೊತ್ತಿಗೆ ಇವರೆಲ್ಲ ಅವಳನ್ನು ಬೈಯಲು ಶುರು ಮಾಡಿದ್ದರು, ಹೇಳಲು ಹೆದರಿಕೆ ಆಯಿತು.’